ಮೋಟುಗಾಡಿಯ ಹಿತ್ತಾಳೆ

ಅಪ್ಪನ ಹತ್ತಿರ ಒಂದು ಗಾಡಿ ಇತ್ತು. ಹುಟ್ಟಿದಾಗ ಅದು ಯಾರೋ ದೊಡ್ಡ ಮನುಷ್ಯರ ಕಾರಾಗಿತ್ತಂತೆ. ನಮ್ಮ ಮನೆಗೆ ಬರುವ ಹೊತ್ತಿಗೆ ಹಿಂದಿನ ಸೀಟು ಇರಲಿಲ್ಲ, ಮೇಲಿನ ಹೊದಿಕೆ ಹರಿದು ನೇತಾಡುತ್ತಿತ್ತು. ಶಿರಾದಲ್ಲಿ ಅಪ್ಪನ ಸ್ನೇಹಿತರೊಬ್ಬರು ಸಾಹೇಬರಿದ್ದರು, ಕಬ್ಬಿಣದ ಕೆಲಸದವರು. ಅವರು ಹಿಂಭಾಗವನ್ನು ಕೊಯ್ದು, ಬೇವಿನ ಹಲಗೆಯ ತೊಟ್ಟಿ ಕೂರಿಸಿಕೊಟ್ಟರು. ಮುಂದೆ ನೋಡಿದರೆ ಕಾರು, ಹಿಂದೆ ನೋಡಿದರೆ ಎತ್ತಿನ ಗಾಡಿ. ಮಧುಗಿರಿಯವರೆಲ್ಲ ಅದನ್ನು ಮೋಟುಗಾಡಿ ಎಂದು ಕರೆದರು.

ದೊಡ್ಡೇರಿ ಕಡೆಯ ಹಳ್ಳಿಗಳಿಂದ ಕಡಲೆಕಾಯಿ ಮೂಟೆ ತರುವುದು ಅದರ ಕೆಲಸ. ದಾರಿ ಇಲ್ಲದಿದ್ದರೆ ಕೆರೆಯಂಗಳದಲ್ಲಿ, ಅದೂ ಇಲ್ಲದಿದ್ದರೆ ಬಂಡೆಯ ಮೇಲೆ ಹೋಗುತ್ತಿತ್ತು. ಬ್ರೇಕು ಮಾತ್ರ ಮನಸ್ಸಾದರೆ ಹಿಡಿಯುತ್ತಿತ್ತು. ಏರಿನಲ್ಲಿ ಗಾಡಿ ನಿಂತರೆ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಆ ಕೆಲಸ ನನ್ನದು. ನನಗಾಗ ಒಂಬತ್ತು ವರ್ಷ. ನನ್ನಷ್ಟು ಬೇಗ ಹಾರುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಈಗ ಮಂಚದಿಂದ ಇಳಿಯಲು ಇಬ್ಬರು ಬೇಕು, ಆ ಮಾತು ಬಿಡಿ.

ರಿಪೇರಿಯೆಲ್ಲ ಹಿತ್ತಲಿನ ಹೊಂಗೆ ಮರದ ಕೆಳಗೆ. ಅಪ್ಪ ಕಂಬಳಿ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ನಟ್ಟುಗಳಿಗೆ ತೆಂಗಿನ ಚಿಪ್ಪು. ಕಂಬಳಿಯ ಮೇಲಿನದನ್ನು ಯಾರೂ ಮುಟ್ಟಬಾರದು. ಒಮ್ಮೆ ನಾನು ಒಂದು ನಟ್ಟನ್ನು ಬಾಯಲ್ಲಿ ಅಡಗಿಸಿಕೊಂಡು, ಅಪ್ಪ ಮೂರು ಸಲ ಎಣಿಸುವುದನ್ನು ನೋಡುತ್ತಾ ಕೂತಿದ್ದೆ. ನಗು ತಡೆಯಲಾರದೆ ನಕ್ಕಾಗ ನಟ್ಟು ಹೊರಗೆ ಬಿತ್ತು. ಅಪ್ಪ ಬೈಯಲಿಲ್ಲ. "ನುಂಗಿದ್ರೆ ನಿನ್ನೇ ಬಿಚ್ಬೇಕಾಗಿತ್ತಲ್ಲೇ" ಎಂದ.

ಅದು ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ ಚೀಟಿ. ಸಿಕ್ಕಿದಷ್ಟನ್ನು ಅಪ್ಪ ಅಮ್ಮನ ಹಳೆ ಸೀರೆಯ ತುಂಡಿನಲ್ಲಿ ಸೋಸಿಯೇ ಹಾಕುತ್ತಿದ್ದ. ಸೋಸದೆ ಒಂದು ಹನಿ ಹಾಕಿದವನಲ್ಲ.

ಆ ಬೇಸಿಗೆಯಲ್ಲಿ ಇಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿದ್ದ. ಸಾಹೇಬರ ಹತ್ತಿರ ಏನೋ ತಾಮ್ರದ ತಗಡು ಕತ್ತರಿಸಿಕೊಂಡು ಬರಲು ಶಿರಾಕ್ಕೆ ಹೋದ. ಅವತ್ತು ಭಾನುವಾರ. ಸೋಮವಾರದ ಶಿವಪೂಜೆಗೆ ನಮ್ಮ ಮನೆಯಲ್ಲಿ ಭಾನುವಾರವೇ ಹಿತ್ತಾಳೆ ಸಾಮಾನೆಲ್ಲ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ಉಜ್ಜಬೇಕು. ಉಜ್ಜುವುದರಲ್ಲಿ ನನ್ನ ಕೈ ಹಿಡಿಯುವವರಿಲ್ಲ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ದೀಪ, ಚೊಂಬು, ಆರತಿ ತಟ್ಟೆ ಎಲ್ಲ ಮುಗಿಯಿತು. ನನ್ನ ಕೈ ಇನ್ನೂ ತುರಿಸುತ್ತಿತ್ತು. ಕಂಬಳಿಯ ಮೇಲೆ ಕಾರ್ಬೊರೇಟರ್ ಇತ್ತು. ಅಪ್ಪ ಅದನ್ನು ಗಾಡಿಯ ಗಂಟಲು ಎನ್ನುತ್ತಿದ್ದ. ಪೆಟ್ರೋಲು ಅದರೊಳಗಿನ ಕೂದಲೆಳೆಯಂಥ ತೂತಿನಿಂದ ಇಂಜಿನ್ನಿಗೆ ಹೋಗಬೇಕು. ಜಿಡ್ಡಿನ ಕೆಳಗೆ ಅದೂ ಹಿತ್ತಾಳೆಯೇ. ತಂದು ಉಜ್ಜಿದೆ. ಒಳಗೂ ಹೊಳೆಯಲಿ ಎಂದು ಬೂದಿ ಮೆತ್ತಿದ ಕಡ್ಡಿಯನ್ನು ಸಂದುಗೊಂದಿಗೆಲ್ಲ ತುರುಕಿದೆ. ತೊಳೆದು ಬಿಸಿಲಿಗಿಟ್ಟೆ. ಬಂಗಾರದಂತೆ ಹೊಳೆಯಿತು.

ಸಂಜೆ ಬಂದ ಅಪ್ಪ ಅದನ್ನು ನೋಡಿ ನಿಂತುಬಿಟ್ಟ.

"ಯಾರವ್ವಾ ಇದಕ್ಕೆ ಮದ್ವೆ ಮಾಡಿರೋರು? ಬಾಸಿಂಗ ಒಂದು ಕಟ್ಟಿಲ್ವಲ್ಲ!"

"ನಿನ್ ಮಗಳೇ ಕಣ್ಲಾ," ಎಂದಳು ಅಜ್ಜಿ. "ಬುಟ್ರೆ ನಿನ್ನೂ ಉಜ್ಜಿ ಬಿಸಿಲಿಗಿಡ್ತಾಳೆ."

ಎಲ್ಲರೂ ನಕ್ಕರು. ನಾನಂತೂ ಹಿಗ್ಗಿ ಹೋದೆ.

ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಅತ್ತೆಯ ಮೈದುನ ಸೈಕಲ್ ತುಳಿದುಕೊಂಡು ಬಂದ. ಅತ್ತೆ ಎಂದರೆ ಅಜ್ಜಿಯ ಒಬ್ಬಳೇ ಮಗಳು. ನಾಗಲಮಡಿಕೆಯ ಆಚೆ, ಹೊಳೆ ದಾಟಿದರೆ ಸಿಗುವ ಹಳ್ಳಿಗೆ ಕೊಟ್ಟಿತ್ತು. ಅತ್ತಿಗೆಗೆ ವಿಷಮಶೀತ ಜ್ವರ, ಇವತ್ತು ಕಳೆಯುವುದು ಕಷ್ಟ, ಅವ್ವನನ್ನು ಕರೆಸಿ ಅಂತವಳೆ ಎಂದ. ಬಸ್ಸು ಬರುವುದು ಮಧ್ಯಾಹ್ನ, ಅದೂ ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸು, ಏರು ಬಂದರೆ ಜನ ಇಳಿದು ತಳ್ಳಬೇಕು. ಅಪ್ಪ ಕಂಬಳಿಯ ಮುಂದೆ ಕೂತ. ಅಜ್ಜಿ ಆಗಲೇ ತೊಟ್ಟಿ ಹತ್ತಿ ಕೂತಿದ್ದಳು. "ಅವಳ ಮಖ ಒಂದ್ ನೋಡ್ಬೇಕು ಕಣ್ಲಾ, ಬಿರ್ರನೆ ಕಟ್ಟು" ಎಂದು ಅಷ್ಟನ್ನೇ ಹೇಳುತ್ತಿದ್ದಳು.

ಕಾರ್ಬೊರೇಟರ್ ಕೈಗೆತ್ತಿಕೊಂಡಾಗ ಅಪ್ಪ ನನ್ನ ಕಡೆ ತಿರುಗಿದ.

"ಏನಾಕಿ ಉಜ್ಜಿದ್ದೆ ಮಗಾ?"

"ಹುಣ್ಸೆಹಣ್ಣು."

"ಬೂದಿ ಹಾಕಿಲ್ಲ ತಾನೇ?"

ಅವನ ದನಿಯಲ್ಲಿ ಹಿಂದಿನ ಸಂಜೆಯ ತಮಾಷೆ ಇರಲಿಲ್ಲ. ಮುಟ್ಟಬಾರದ್ದನ್ನು ಮುಟ್ಟಿದ್ದೆ. ಹೆದರಿಕೆಯಾಯಿತು.

"ಇಲ್ಲಪ್ಪ," ಎಂದೆ.

ಹಾಕಿದ್ದೆ ಎಂದಿದ್ದರೆ ಬಿಚ್ಚಿ ತೊಳೆಯುತ್ತಿದ್ದ, ಅರ್ಧ ಗಂಟೆಯ ಕೆಲಸ. ಬಾಯಿಂದ ಎರಡು ಸಲ ಊದಿ ಕೂರಿಸಿಬಿಟ್ಟ.

ಬಿಸಿಲೇರುವ ಮೊದಲೇ ಹೊರಟೆವು. ಹತ್ತು ಮೈಲಿ ಚೆನ್ನಾಗಿ ಓಡಿತು. ಆಮೇಲೆ ಗಾಡಿ ಕೆಮ್ಮಲು ಶುರು ಮಾಡಿತು. ಅಪ್ಪ ಇಳಿದು ಕೊಳವೆ ಬಿಚ್ಚಿ ಊದಿದ. ಸ್ವಲ್ಪ ದೂರ ಓಡಿ ಮತ್ತೆ ನಿಂತಿತು. ಏರಿನಲ್ಲಿ ನಿಂತಾಗಲೆಲ್ಲ ನಾನು ಹಾರಿ ಕಲ್ಲು ಕೊಟ್ಟೆ. ಅತ್ತೆಯ ಮೈದುನ ತಳ್ಳಿ ತಳ್ಳಿ ಸುಸ್ತಾದ. ಪಾವಗಡ ದಾಟುವಾಗಲೇ ಹೊತ್ತು ನೆತ್ತಿಯಿಂದ ಇಳಿದಿತ್ತು. ಕೊನೆಗೆ ಹೊಳೆಯ ಮರಳಿಗೆ ಇಳಿಯುವ ಮುಂಚೆ ಪೂರ್ತಿ ನಿಂತೇ ಹೋಯಿತು.

ಅಪ್ಪ ಹೆಗಲ ಟವೆಲ್ಲು ಹಾಸಿ ಕಾರ್ಬೊರೇಟರನ್ನೇ ಇಳಿಸಿದ. ಒಳಗಿನ ಸಣ್ಣ ಹಿತ್ತಾಳೆ ತಿರುಪನ್ನು ಬಿಸಿಲಿಗೆ ಹಿಡಿದು ನೋಡಿದ. ತೂತು ಮುಚ್ಚಿತ್ತು. ಹುಣಸೆಯ ಅಂಟಿನಲ್ಲಿ ಒಣಗಿದ್ದ ಬೂದಿ ಒಂದೊಂದೇ ಚೂರು ಬಿಟ್ಟುಕೊಂಡು ಅಲ್ಲಿಗೆ ಬಂದು ಸೇರಿತ್ತು. ಅದನ್ನು ಬೆರಳಲ್ಲಿ ತಿಕ್ಕಿ, ತಲೆಯೆತ್ತಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಏನ್ಲಾ ಆಗಿರೋದು ಅದಕ್ಕೆ?" ಎಂದಳು ಅಜ್ಜಿ ತೊಟ್ಟಿಯಿಂದ.

"ಪೆಟ್ರೋಲ್ನಾಗೆ ಮಣ್ಣು ಕಣವ್ವಾ," ಎಂದ ಅಪ್ಪ. "ಆತುರದಾಗೆ ಸೋಸ್ದೆ ಹಾಕ್ಬುಟ್ಟೆ. ನಂದೇ ತಪ್ಪು."

ತಂತಿ ತುರುಕಿದರೆ ತೂತು ದೊಡ್ಡದಾಗುತ್ತದೆ. ಅದಕ್ಕೆ ನನ್ನ ಜಡೆಯಿಂದ ಎರಡು ಕೂದಲು ಕಿತ್ತು ಹೊಸೆದು, ಅದರಿಂದಲೇ ಬಿಡಿಸಿದ. ಕೀಳುವಾಗ ನೋವಾಗದಂತೆ ಬುಡ ಒತ್ತಿ ಹಿಡಿದಿದ್ದ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ಹೊಳೆ ದಾಟಿ ಊರು ಸೇರಿದಾಗ ಹೊತ್ತು ಮುಳುಗುತ್ತಿತ್ತು. ಗಂಡಸರು ಒದ್ದೆ ತಲೆಯಲ್ಲಿ ಎದುರಿಗೆ ಬರುತ್ತಿದ್ದರು. ಹೆಣವನ್ನು ಕೂರಿಸಿ, ಸಿಂಗರಿಸಿ, ಹೊತ್ತಿರುವಾಗಲೇ ಮಣ್ಣು ಮಾಡುವುದು ನಮ್ಮವರ ಪದ್ಧತಿ. ಕಾಯುವಷ್ಟು ಕಾದು, ಈಗಷ್ಟೇ ಮುಚ್ಚಿ ಬಂದಿದ್ದರು.

ಅಜ್ಜಿ ಹಸಿ ಮಣ್ಣಿನ ಹತ್ತಿರ ಕೂತಳು, ಅಳಲಿಲ್ಲ. ಯಾವ ಸೀರೆ ಉಡಿಸಿದಿರಿ ಎಂದು ಕೇಳಿದಳು. ತಲೆ ಬಾಚಿದ್ದಿರಾ ಎಂದು ಕೇಳಿದಳು. ಕೊನೆಗೆ, ನನ್ನನ್ನು ಕೇಳಿದಳಾ ಎಂದಳು. ಪಕ್ಕದ ಮನೆಯ ಹೆಂಗಸು ಕಣ್ಣೊರೆಸಿಕೊಂಡು ತೆಲುಗಿನಲ್ಲಿ ಹೇಳಿದಳು:

"ಮಧ್ಯಾನ್ನಂ ದಾಕಾ ವಾಕಿಲಿ ತಟ್ಟೇ ಚೂಸ್ತಾ ಉನ್ನಿಂದಮ್ಮಾ. ಅಮ್ಮ ರಾಲೇದಾ, ಅಮ್ಮ ರಾಲೇದಾ ಅನಿ."

ಮಧ್ಯಾಹ್ನದವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು, ಅಮ್ಮ ಬರಲಿಲ್ಲವಾ ಎಂದು. ಕಡಲೆಕಾಯಿ ಮಾರಲು ಬರುವವರ ಜೊತೆ ಆಡಿ ಆಡಿ ನನಗೆ ತೆಲುಗು ಬರುತ್ತಿತ್ತು. ಅಪ್ಪನಿಗೂ ಬರುತ್ತಿತ್ತು. ಕೊರಟಗೆರೆಯಿಂದ ಬಂದ ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ.

"ಏನಂತಾಳ್ಲಾ?"

"ನೆನ್ನೆ ಇವ್ನು ಸೈಕಲ್ ಹತ್ತಿದ್ ಮ್ಯಾಲೇ ಗ್ಯಾನ ತಪ್ಪಿತ್ತಂತೆ ಕಣವ್ವಾ," ಎಂದ ಅಪ್ಪ. "ಆಮ್ಯಾಲೆ ಯಾರ್ನೂ ಕೇಳ್ಲಿಲ್ವಂತೆ."

ಅಜ್ಜಿ ತಲೆಯಾಡಿಸಿದಳು. ಮಗಳು ಕೇಳದಿದ್ದರೇನು, ತನಗೆ ಅವಳ ಮುಖ ನೋಡಬೇಕಿತ್ತು. ಅಪ್ಪನ ಕಡೆ ತಿರುಗದೆಯೇ ಹೇಳಿದಳು: "ಒಂದ್ ಬಟ್ಟೆ ಅಡ್ಡ ಹಿಡಿಯಾಕಾಗ್ಲಿಲ್ವೇನ್ಲಾ ನಿಂಗೆ."

ಅವತ್ತಿನಿಂದ ಅವಳು ಅಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೂ "ಅವ್ನಿಗೇಳೇ" ಎಂದು ನನಗೇ ಹೇಳುತ್ತಿದ್ದಳು. ನಾನು ಹೋಗಿ ಹೇಳುತ್ತಿದ್ದೆ.

ಒಂದು ದಿನ ತಡೆಯಲಾರದೆ, ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಅಪ್ಪನ ಪಕ್ಕಕ್ಕೆ ತೆವಳಿಕೊಂಡು ಹೋದೆ.

"ಅಪ್ಪಾ, ಅಜ್ಜಿಗೆ ಹೇಳ್ಬುಡ್ತೀನಿ."

ಅಪ್ಪ ತಿರುಗಿಸುತ್ತಿದ್ದ ಸ್ಪ್ಯಾನರು ನಿಂತಿತು.

"ಬ್ಯಾಡ ಕಣವ್ವಾ. ನನ್ ಮ್ಯಾಲೆ ಸಿಟ್ಟಿದ್ರೆ ಉಣ್ತಾಳೆ, ತಿಂತಾಳೆ, ಬದುಕ್ತಾಳೆ. ನಿನ್ ಮ್ಯಾಲೆ ಸಿಟ್ಟಾದ್ರೆ ಅವಳಿಗೆ ಇನ್ಯಾರವ್ರೆ?"

ನಾಲ್ಕು ವರ್ಷ ಹಾಗೆಯೇ ಕಳೆಯಿತು. ಕೊನೆಯ ದಿನ ಅಜ್ಜಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ನನ್ನ ಕೈಯಿಂದ ಎರಡು ಚಮಚ ಗಂಜಿ ಕುಡಿದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಹೇಳಲು ನನಗೆ ಪೂರಾ ಒಂದು ಮಧ್ಯಾಹ್ನ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ, ಅವನ ಕಡೆ ತಿರುಗದೆ ಹೋದಳು.