ಮಂಜೂರಾಗುವ ಮೊದಲೇ ಬಿದ್ದ ಸಹಿ

ಹೋದ ವರ್ಷ ನಾನು ಎಂ.ಎಸ್ಸಿ. ಓದಲು ಮೈಸೂರಿಗೆ ಹೋದದ್ದು ಹೇಗೆಂದು ಹೊನ್ನವಳ್ಳಿಯಲ್ಲಿ ಯಾರನ್ನಾದರೂ ಕೇಳಿ. "ಸ್ಕಾಲರ್‌ಶಿಪ್ ಬಂತು, ಖರ್ಚಿಲ್ಲ ಅಂತ ಅವರಪ್ಪ ಕಳಿಸ್ದ" ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮಗೆ ತೆಂಗಿನ ತೋಟವಿದೆ, ಫೀಸು ಕಟ್ಟಲಾರದ ಸ್ಥಿತಿ ನಮ್ಮದಲ್ಲ. ಅಪ್ಪನ ತಕರಾರಿದ್ದದ್ದು ಹಾಸ್ಟೆಲ್ ಬಗ್ಗೆ. "ತಿಪಟೂರಿಗೆ ಮೂರು ವರ್ಷ ಬಸ್ಸಲ್ಲಿ ಓಡಾಡಿ ಓದಿದ್ಯಲ್ಲ, ಸಾಕು ಬುಡು" ಎಂದು ಹಾಸ್ಟೆಲ್ ಫಾರಂಗೆ ಸಹಿ ಹಾಕದೆ ಪಕ್ಕಕ್ಕಿಟ್ಟಿದ್ದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ತಂದವಳು ನಾನು. ಒಂದು ತಿಂಗಳು ವಾದಿಸಿ ಅಪ್ಪನೆದುರು ಸೋತಿದ್ದೆ. ಫಾರಂ ಕೊಡಲು ಎರಡೇ ದಿನ ಉಳಿದಿತ್ತು. ಹಾಸ್ಟೆಲ್ ಇಲ್ಲವೆಂದರೆ ಓದೂ ಇಲ್ಲ.

ಪ್ರತಿಭಾ ವಿದ್ಯಾರ್ಥಿವೇತನ ಕೊಡುವ ಒಂದು ಟ್ರಸ್ಟಿಗೆ ಅರ್ಜಿ ಹಾಕಿದ್ದೆ. ಆವತ್ತು ಬೆಳಿಗ್ಗೆ ಅವರ ಫೋನು ಬಂತು. ಆಯ್ಕೆಗೆ ಮುಂಚೆ ಮನೆಯವರ ಜೊತೆ ಮಾತಾಡಬೇಕಂತೆ. ಅಪ್ಪ ಅಂಗಳದಲ್ಲಿ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಲೊಡಲೊಡ ಎಂದರೆ ಒಣಗಿದೆ ಎಂದರ್ಥ. ಕೈಯೆಲ್ಲ ದೂಳು. "ಸ್ಪೀಕರ್ ಹಾಕಿ ಅಲ್ಲೇ ಇಡು" ಎಂದ.

"ಅಂಕ ನೋಡಿದ್ದೀವಿ ಯಜಮಾನ್ರೇ. ಅಂಕ ಬಿಟ್ಟು ನಿಮ್ಮ ಮಗಳ ಬಗ್ಗೆ ಏನು ಹೇಳ್ತೀರಿ?" ಎಂದರು ಒಬ್ಬರು ಮೇಡಂ.

ಅಪ್ಪ ತಬ್ಬಿಬ್ಬಾದ. ಕೆಲಸಕ್ಕೆ ಬಂದಿದ್ದ ಗಂಗಕ್ಕ ಕಿಸಕ್ಕನೆ ನಕ್ಕಳು. "ಬಾಯಿ ಜೋರು ಅಂತ ಹೇಳಣ್ಣ, ಸುಳ್ಳೇನಲ್ವಲ್ಲ!"

"ನೀ ಸುಮ್ಕಿರೇ" ಎಂದು ಗದರಿ ಅಪ್ಪ ಫೋನಿನ ಕಡೆ ಬಗ್ಗಿದ. "ಹೋದ ಸಲ ವ್ಯಾಪಾರಸ್ಥ ಬಂದಿದ್ದ ಕಣ್ರೀ. ಒಂದು ಕಾಯಿ ಒಡೆದು, ಹಸಿ ಐತೆ, ಮಾಲೆಲ್ಲ ಹಿಂಗೇ, ರೇಟು ಕಮ್ಮಿ ಅಂದ. ನಾನು ಹ್ಞೂಂ ಅನ್ನೋನಿದ್ದೆ. ಇವಳು ಬಂದು, ಒಂದು ನೋಡಿ ರಾಶಿಗೆಲ್ಲ ಹೆಂಗೆ ಹೇಳ್ತೀರಿ, ಮೇಲಿಂದ, ನಡುವಿಂದ, ತಳದಿಂದ ತೆಗೆದು ಹತ್ತು ಒಡೀರಿ ಅಂದ್ಲು. ಒಡೆದ. ಹತ್ತೂ ಒಣಗಿದ್ವು!" ಇನ್ನೊಂದು ಕಾಯಿ ಕೈಗೆತ್ತಿಕೊಂಡು ಹೇಳಿದ: "ಎಲ್ಲಿಗೆ ಹೋದ್ರೂ ಇವಳನ್ನ ಯಾರೂ ಯಾಮಾರಿಸಕ್ಕಾಗಲ್ಲ ಮೇಡಂ."

ತಾನಾಡಿದ್ದು ತನಗೇ ಕೇಳಿಸಿತೇನೋ. ಫೋನಿಟ್ಟ ಮೇಲೆ ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆಯೇ ರಾಶಿಗೆ ಹಾಕಿದ. ಆಮೇಲೆ ನನ್ನ ಮುಖ ನೋಡದೆ, "ಆ ಹಾಸ್ಟೆಲ್ ಫಾರಂ ತಗಂಬಾ" ಎಂದ. ದೂಳಿನ ಬೆರಳಲ್ಲೇ ಸಹಿ ಹಾಕಿದ.

ನಾನು ಆಯ್ಕೆಯಾದ ಪತ್ರ ಬಂದದ್ದು ಮೂರು ವಾರದ ನಂತರ. ದುಡ್ಡು ಅದಕ್ಕೂ ಆಮೇಲೆ. ಇನ್ನು ಊರಿನವರ ವಾದ ನಿಲ್ಲುವುದಾದರೂ ಹೇಗೆ? ಗುರುತಿಲ್ಲದ ಒಬ್ಬರು ನನ್ನ ಬಗ್ಗೆ ಕೇಳಿದರು, ಅಪ್ಪ ಯೋಚಿಸಿ ಉತ್ತರ ಕೊಡಬೇಕಾಯಿತು. ನನ್ನನ್ನು ಮೈಸೂರಿಗೆ ಕಳಿಸಿದ್ದು ಆ ಉತ್ತರ. ಅದನ್ನು ನೆನೆದಾಗ ಆಗುವ ಹೆಮ್ಮೆ ಯಾವ ಕಪ್ ಗೆದ್ದಾಗಲೂ ಆಗಿರಲಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಆ ವ್ಯಾಪಾರಸ್ಥ ಅತ್ತ ಹೋಗುತ್ತಿದ್ದಂತೆ ಅಪ್ಪ ಎಲ್ಲರೆದುರೇ ನನಗೆ ಬೈದಿದ್ದ: "ಗಂಡಸರ ವ್ಯವಹಾರದಲ್ಲಿ ಬಾಯಿ ಹಾಕ್ತೀಯೇನೇ?" ಮೊನ್ನೆ ಹಬ್ಬಕ್ಕೆ ಹೋದಾಗ ಕೇಳಿಯೇಬಿಟ್ಟೆ.

"ಅಪ್ಪ, ಮೇಡಂಗೆ ಹೇಳಿದ್ದನ್ನ ಆ ವ್ಯಾಪಾರಸ್ಥ ಬಂದವತ್ತೇ ನಂಗ್ಯಾಕೆ ಹೇಳ್ಲಿಲ್ಲ?"