ಕಣ್ಣಿಲ್ಲದ ಓದುಗನಿಗೆ ಬರೆದ ಬೋರ್ಡು

ಕೊಟ್ಟೂರಿನಲ್ಲಿ ಬೋರ್ಡು ಬರೆಯುವ ಪಾಲಾಕ್ಷನಿಗೆ ಒಂದು ಚಾಳಿ ಇತ್ತು. ಬಸ್ಸಿನಲ್ಲಿ ಕೂತರೆ ಪಕ್ಕದವರನ್ನು ಮಾತಾಡಿಸುತ್ತಿರಲಿಲ್ಲ, ಕಿಟಕಿಯಾಚೆ ತಾನೇ ಬರೆದ ಬೋರ್ಡುಗಳನ್ನು ನೋಡಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದ. ಇತ್ತ ಕೂಡ್ಲಿಗಿ, ಅತ್ತ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿವರೆಗೆ ಅವನ ಅಕ್ಷರ ಕಾಣದ ಬಸ್ ಸ್ಟ್ಯಾಂಡೇ ಇರಲಿಲ್ಲ. ಗೊಬ್ಬರದಂಗಡಿಯಿರಲಿ, ಹಲ್ಲಿನ ಡಾಕ್ಟರಿರಲಿ, ಹಳದಿಯ ಮೇಲೆ ಕೆಂಪು, ಕೆಂಪಿಗೆ ಕರಿ ನೆರಳು. ಅವನು ಬರೆದ 'ಕ' ಅಕ್ಷರ ಹಬ್ಬದೂಟ ಉಂಡವನ ಹೊಟ್ಟೆಯ ಹಾಗೆ ದುಂಡಗಿರುತ್ತಿತ್ತು. ಒಂದು ಬೋರ್ಡಿಗೆ ಮೂರು ದಿನ ತೆಗೆದುಕೊಳ್ಳುತ್ತಿದ್ದ. ಅವಸರ ಮಾಡಿದವರಿಗೆ ನಾಲ್ಕು ದಿನ.

ಆಮೇಲೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮಷೀನಿನಿಂದ ಸುರುಳಿ ಸುತ್ತಿಕೊಂಡು ಹೊರಗೆ ಬೀಳತೊಡಗಿತು. ಎರಡು ಸಾವಿರದ ಆರರ ಹೊತ್ತಿಗೆ ಪಾಲಾಕ್ಷನ ಪೇಂಟು ಡಬ್ಬಿಯಲ್ಲೇ ಕೆನೆಗಟ್ಟಿತು. ಫ್ಲೆಕ್ಸ್ ಅಂಗಡಿಯ ಸಿದ್ದಲಿಂಗ ಕೆಟ್ಟವನಲ್ಲ. "ಅಣ್ಣಾರ, ನಮ್ಮಲ್ಲೇ ಬಂದ್ಬಿಡ್ರಿ. ಬ್ಯಾನರ್ ಕಟ್ಟಾಕ ಒಬ್ಬರು ಬೇಕಾಗ್ಯಾರ" ಎಂದು ಪ್ರೀತಿಯಿಂದಲೇ ಕರೆದ. ಆದರೆ ನಲವತ್ತೇಳನೇ ವಯಸ್ಸಿನಲ್ಲಿ ಮಷೀನು ಬರೆದದ್ದನ್ನು ಹೆಗಲ ಮೇಲೆ ಹಾಕಿಕೊಂಡು ಏಣಿ ಹತ್ತುವುದು ಪಾಲಾಕ್ಷನಿಗೆ ಸಾವಿನಷ್ಟೇ ಸಂಕಟವಾಗಿ ಕಂಡಿತು.

ಅದೇ ವಾರ ಕಂಬಳಿ ಅಂಗಡಿಯ ಶ್ರೀನಾಥ ಹೇಳಿಕಳಿಸಿದ. ಅವನ ತಲೆಯಲ್ಲಿ ಹೊಸದೊಂದು ಹುಳು ಹೊಕ್ಕಿತ್ತು. "ದೀಪಾವಳಿ ಬಂದ್ರ ಪ್ಯಾಟಿ ಮಂದಿ ಈಗ ಕಂಪ್ಯೂಟರ್‌ನಾಗ ಹುಡುಕಿ ಸಾಮಾನು ತರಿಸ್ಕೊಳ್ತಾರಂತ. ನಮ್ಮದೂ ಒಂದು ವೆಬ್‌ಸೈಟ್ ಮಾಡಸಾಣು. ಅಂಗಡಿ ಬೋರ್ಡು ಬರ್ದೋರು ನೀವು, ಇದನ್ನೂ ನೀವ ಬರೀರಿ."

ಪಾಲಾಕ್ಷನಿಗೆ ಹೋದ ಜೀವ ಬಂದಂತಾಯಿತು. ನಾಲ್ಕು ದಿನ ಕೂತು ಹಲಗೆಯ ಮೇಲೆ ಬರೆದ. ಅಂಗಡಿಯ ಹೆಸರು, ಕುರಿಮಂದೆ, ಮೂಲೆಯಲ್ಲಿ ದೀಪದ ಸಾಲು, ಫೋನ್ ನಂಬರು, ಎಲ್ಲ ಬಣ್ಣದಲ್ಲೇ. ಬಸ್ ಸ್ಟ್ಯಾಂಡಿನ ಎದುರು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ರಮಾ ಅದರ ಫೋಟೊ ತೆಗೆದು ಹಾಗೇ ಹಾಕಿದಳು. ಅದು ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದಾಗಿತ್ತು. ತೆರೆದ ಮೇಲೆ ಮಾತ್ರ ನೋಡಿದವರೆಲ್ಲ ಭೇಷ್ ಎಂದರು. ನೋಡಿದವರೆಲ್ಲ ಕೊಟ್ಟೂರಿನವರೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಆ ದೀಪಾವಳಿಗೆ ಹೊರಗಿನಿಂದ ಅಂಗಡಿಗೆ ಎರಡೇ ಫೋನು ಬಂದವು. ಒಂದು ರಾಂಗ್ ನಂಬರು, ಇನ್ನೊಂದು ಶ್ರೀನಾಥನ ಭಾವಮೈದ. ಶ್ರೀನಾಥ ಬೈಯಲಿಲ್ಲ, ಅದೇ ಪಾಲಾಕ್ಷನಿಗೆ ಹೆಚ್ಚು ಚುಚ್ಚಿತು. "ಇನ್ನೊಂದು ದೀಪಾವಳಿ ನೋಡಾಣು. ಆಗಲೂ ಹಿಂಗ ಆದ್ರ ತಗದುಬಿಡಾಣು." ಸಿದ್ದಲಿಂಗನಿಗೂ ಪಾಲಾಕ್ಷ ಅದನ್ನೇ ಹೇಳಿದ: ಮುಂದಿನ ದೀಪಾವಳಿ ಕಳೀಲಿ, ಆಗಲೂ ಏನೂ ಗಿಟ್ಟದಿದ್ದರೆ ಏಣಿ ಹತ್ತಾಕ ಬರ್ತೀನಿ.

ಮರುವರ್ಷ ಶ್ರಾವಣದಲ್ಲಿ ರಮಾ ಬಳ್ಳಾರಿಗೆ ಯಾವುದೋ ತರಬೇತಿಗೆ ಹೋಗಿ ಬಂದಳು. ಬಂದವಳೇ ಪಾಲಾಕ್ಷನನ್ನು ಕೂಡಿಸಿಕೊಂಡು ಹೇಳಿದಳು: "ಅಣ್ಣಾ, ತಪ್ಪು ನಂದೂ ಐತಿ. ಮಂದಿ ಹುಡುಕೋ ಗೂಗಲ್ ಐತಲ್ಲ, ಅದು ಫೋಟೊದಾಗಿನ ಅಕ್ಷರ ಓದಂಗಿಲ್ಲಂತ. ಟೈಪ್ ಮಾಡಿದ್ದಷ್ಟೇ ಓದ್ತೈತಿ. ನಮ್ಮ ಪೇಜಿನಾಗ ಟೈಪ್ ಮಾಡಿದ್ದು ಒಂದಕ್ಷರನೂ ಇಲ್ಲ."

"ಅಂದ್ರ ಅದಕ್ಕ ಕಣ್ಣಿಲ್ಲೇನವಾ?"

"ಇಲ್ಲ ಅಂತ ತಿಳ್ಕೋರಿ. ಇನ್ನೊಂದು ಏನಂದ್ರ, ಹಬ್ಬ ಬಂದಾಗ ಹಾಕಿದ್ರ ಉಪಯೋಗಿಲ್ಲ. ಅದು ನಮ್ಮ ಪೇಜ್ ಓದಿ ಗುರುತು ಇಟ್ಕೊಳ್ಳಾಕ ತಿಂಗಳುಗಟ್ಟಲೆ ಬೇಕಾಗಬಹುದು."

ಎರಡನೆಯದು ಪಾಲಾಕ್ಷನಿಗೆ ತಟ್ಟನೆ ತಿಳಿಯಿತು. ದೀಪಾವಳಿಯ ಗೋಡೆ ಬರಹ ಅವನು ಗಣಪತಿ ಕೂಡುವ ಮೊದಲೇ ಮುಗಿಸುತ್ತಿದ್ದವನು. ಮೊದಲನೆಯದು ಮಾತ್ರ ಅರಗಲಿಲ್ಲ. ಬದುಕಿಡೀ ಕಣ್ಣಿಗಾಗಿಯೇ ಬರೆದವನಿಗೆ ಸಿಕ್ಕ ಹೊಸ ಓದುಗ ಕುರುಡ! ಬೇಜಾರಾದಾಗ ಎಲ್ಲಿಗೆ ಹೋಗುತ್ತಿದ್ದನೋ ಅಲ್ಲಿಗೇ ಹೋದ, ಜೋಗಪ್ಪನ ಎಸ್‌ಟಿಡಿ ಬೂತಿಗೆ.

ಜೋಗಪ್ಪ ಹುಟ್ಟುಕುರುಡ. ಬಸ್ ಸ್ಟ್ಯಾಂಡಿನಲ್ಲಿ ಹದಿನೈದು ವರ್ಷದಿಂದ ಬೂತು ನಡೆಸುತ್ತಿದ್ದ. ಊರಿನ ಅರ್ಧ ಗುಟ್ಟು ಅವನ ಕಿವಿಯಲ್ಲಿತ್ತು, ಬಾಯಿಗೆ ಮಾತ್ರ ಒಂದೂ ಬರುತ್ತಿರಲಿಲ್ಲ. ಪಾಲಾಕ್ಷನ ಗೋಳೆಲ್ಲ ಕೇಳಿ ಅವನು ನಕ್ಕುಬಿಟ್ಟ.

"ಹಂಗಾರ ನನಗ ಹೇಳಲೇ. ನಾನ ಗೂಗಲ್ ಅಂತ ತಿಳ್ಕೊ. ಏನೈತಿ ನಿನ್ನ ಪೇಜಿನಾಗ?"

"ಹಳದಿ ಮ್ಯಾಲೆ ಕೆಂಪು ಅಕ್ಷರ..."

"ಅದನ್ನ ಬಾಜೂಕಿಡು. ಅಂಗಡ್ಯಾಗ ಏನೈತಿ?"

"ಕಂಬಳಿ."

"ಎಂಥಾ ಕಂಬಳಿ? ಮೈಗೆ ಚುಚ್ಚತೈತೇನು? ಇಬ್ಬರು ಹೊದ್ಕೊಂಡ್ರ ಕಾಲು ಹೊರಗ ಬರ್ತಾವೇನು? ತೊಳದ್ರ ಬಣ್ಣ ಬಿಡತೈತೇನು? ಇವತ್ತು ಹೇಳಿದ್ರ ಹಬ್ಬದೊಳಗ ನಮ್ಮವ್ವಗ ಮುಟ್ತೈತೇನು?"

ಪಾಲಾಕ್ಷ ಇಪ್ಪತ್ತು ವರ್ಷದಿಂದ ಆ ಅಂಗಡಿಗೆ ಬೋರ್ಡು ಬರೆಯುತ್ತಿದ್ದರೂ ಒಂದು ಕಂಬಳಿಯನ್ನೂ ಮುಟ್ಟಿ ನೋಡಿರಲಿಲ್ಲ.

"ಹಬ್ಬದ ಮುಂದ ಈ ಬೂತಿನಾಗ ಯಾರೂ ಅಂಗಡಿ ಹೆಸರು ಕೇಳಂಗಿಲ್ಲಲೇ," ಎಂದ ಜೋಗಪ್ಪ. "ಅವ್ವಗ ಏನ್ ಕಳಸ್ಲಿ, ಅಪ್ಪಗ ಚಳಿ ಭಾಳ ಆಗಾಕ ಹತ್ತೈತಿ, ಬೆಚ್ಚಗಿರೋದು ಏನರ ಸಿಗ್ತೈತೇನು, ಹಿಂಗ ಕೇಳ್ತಾರ. ಅವರು ಕೇಳೋದನ್ನ ಬರಿ. ಕೇಳಿದ್ದಕ್ಕ ಜವಾಬು ಬರಿ."

ಮರುದಿನ ಪಾಲಾಕ್ಷ ಅಂಗಡಿಗೆ ಹೋಗಿ ಆ ಪ್ರಶ್ನೆಗಳನ್ನೆಲ್ಲ ಶ್ರೀನಾಥನ ಮುಂದಿಟ್ಟ. ಅರ್ಧದಷ್ಟಕ್ಕೆ ಶ್ರೀನಾಥನಿಗೂ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಟೇಪು ಹಿಡಿದು ಕಂಬಳಿ ಅಳೆದರು, ಒಂದನ್ನು ಬಕೆಟಿನಲ್ಲಿ ನೆನೆಹಾಕಿ ನೀರಿನ ಬಣ್ಣ ನೋಡಿದರು. ಶ್ರೀನಾಥ ನೆಲದ ಮೇಲೆ ಕಂಬಳಿ ಹೊದ್ದು ಮಲಗಿದಾಗ, ಪಾಲಾಕ್ಷ ಅವನ ಕಾಲು ಹೊರಗೆ ಬರುತ್ತದೆಯೇ ಎಂದು ನೋಡಿ ಬರೆದುಕೊಂಡ. ಬಾಗಿಲಲ್ಲಿ ಬಂದು ನಿಂತ ಗಿರಾಕಿಯೊಬ್ಬ ಹೆದರಿ ಹಾಗೇ ವಾಪಸ್ ಹೋದ.

ಪಾಲಾಕ್ಷ ಜವಾಬನ್ನೆಲ್ಲ ಬರೆದು ಮುಗಿಸಿದ ಮೇಲೆ ರಮಾ ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿದಳು. ಇನ್ನು ಹಳೆಯ ಪೇಜು ತೆಗೆಯಬೇಕಿತ್ತು. "ನೀವ ಒತ್ರಿ ಅಣ್ಣಾ" ಎಂದು ಮೌಸು ಅವನ ಕಡೆ ಸರಿಸಿದಳು. ಪಾಲಾಕ್ಷ ಒತ್ತಿದ. ನಾಲ್ಕು ದಿನದ ಕೆಂಪು, ಹಳದಿ, ದೀಪದ ಸಾಲು ಎಲ್ಲ ಒಂದೇ ಸಲಕ್ಕೆ ಹೋಯಿತು. ಅದರ ಜಾಗದಲ್ಲಿ ಬಿಳಿಯ ಮೇಲೆ ಸಣ್ಣ ಕರಿ ಅಕ್ಷರ, ಪೋಸ್ಟ್ ಆಫೀಸಿನ ನೋಟೀಸಿನಂತೆ. ಅವನು ಕಣ್ಣೊರೆಸಿಕೊಂಡದ್ದನ್ನು ರಮಾ ನೋಡಿಯೂ ನೋಡದಂತೆ ಕೂತಳು.

ದಸರೆಯ ವಾರ ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಎರಡು ದಿನ ಬಿಟ್ಟು ಹುಬ್ಬಳ್ಳಿ, ಆಮೇಲೆ ಪುಣೆ. ದೀಪಾವಳಿಗೆ ಹತ್ತು ದಿನ ಇರುವಾಗ ಶ್ರೀನಾಥ ಎಡಗೈಲಿ ಫೋನು ಹಿಡಿದೇ ಉಣ್ಣುವಂತಾಯಿತು. ಕಪಾಟು ಖಾಲಿಯಾಗಿ, ನೇಯುವವರ ಮನೆಗೇ ಹೋಗಿ ಕಂಬಳಿ ತಂದು ಪಾರ್ಸೆಲ್ ಕಟ್ಟಿದರು. ಹಬ್ಬ ಮುಗಿದ ಮೇಲೆ ಪೇಜು ತೆಗೆಯುವ ಮಾತೇ ಬರಲಿಲ್ಲ. "ಇರ್ಲಿ, ಮುಂದಿನ ವರ್ಷಕ್ಕೂ ಅದ ಇರ್ಲಿ. ಸಂಕ್ರಾಂತಿಗೂ ಒಂದು ಬರೀರಿ" ಎಂದ ಶ್ರೀನಾಥ. ಶೇಂಗಾ ಚಟ್ನಿ ಮಾಡಿ ಮಾರುವ ಹರಪನಹಳ್ಳಿಯ ಗೀತಮ್ಮ ತನಗೂ ಒಂದು ಪೇಜು ಬರೆಸಲು ಪಾಲಾಕ್ಷನನ್ನು ಹುಡುಕಿಕೊಂಡು ಬಂದಳು. ಪಾಲಾಕ್ಷ ತಾನೇ ಸಿದ್ದಲಿಂಗನ ಅಂಗಡಿಗೆ ಹೋಗಿ, ನಾನು ಬರಂಗಿಲ್ಲಪ್ಪ, ಬರೆಯೋ ಕೆಲಸ ಐತಿ ಎಂದು ಹೇಳಿ ಬಂದ.

ಇಷ್ಟಾದರೂ ಮನಸ್ಸಿನ ಮೂಲೆಯಲ್ಲಿ ಒಂದು ಕೊರಗು ಉಳಿದಿತ್ತು. ಅದನ್ನು ಜೋಗಪ್ಪನ ಬೂತಿನಲ್ಲಿ ಆಡಿಯೂಬಿಟ್ಟ. "ಕೆಲಸ ಆತು, ಖರೆ. ಆದ್ರ ಅದರಾಗ ನನ್ನ ಕೈಚಳಕ ಏನೈತಲೇ? ಬರೇ ಟೈಪು."

"ಏನ್ ಬರ್ದಿ ಓದು, ಕೇಳ್ತೀನಿ."

ರಮಾ ಪ್ರಿಂಟ್ ತೆಗೆದುಕೊಟ್ಟ ಹಾಳೆ ಜೇಬಿನಲ್ಲಿತ್ತು. ಪಾಲಾಕ್ಷ ಓದಿದ. "ದೀಪಾವಳಿಗೆ ಅವ್ವನಿಗೆ ಏನು ಕಳಿಸಲಿ ಎಂದು ಯೋಚಿಸುತ್ತಿದ್ದೀರಾ? ನಮ್ಮಲ್ಲಿ ಕರಿಕುರಿಯ ಉಣ್ಣೆಯ ಕಂಬಳಿ ಇದೆ. ಬಣ್ಣ ಹಾಕಿಲ್ಲ, ಕುರಿಯ ಬಣ್ಣವೇ ಕರಿ. ಹೊಸದರಲ್ಲಿ ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ. ಒಳಗೊಂದು ಹಳೆಯ ಸೀರೆ ಇಟ್ಟು ಹೊದೆಯಲು ಹೇಳಿ. ಒಂದು ಚಳಿಗಾಲ ಕಳೆದರೆ ಮೆತ್ತಗಾಗುತ್ತದೆ. ಒಬ್ಬರಿಗೆ ತಲೆಯಿಂದ ಪಾದದವರೆಗೆ ಸಾಕು, ಇಬ್ಬರಾದರೆ ಜಗಳ ಗ್ಯಾರಂಟಿ..."

ಓದು ಮುಗಿಯುತ್ತಿದ್ದಂತೆ ಯಾರೋ ಫೋನು ಮಾಡಲು ಬಂದರು, ಜೋಗಪ್ಪ ಅವರನ್ನು ಕೈ ಎತ್ತಿ ನಿಲ್ಲಿಸಿದ.

"ಪಾಲಾಕ್ಷ ಬರೆಯೋದು ಭಾಳ ಚಂದ, ಭಾಳ ಚಂದ ಅಂತ ಇಪ್ಪತ್ತು ವರ್ಷದಿಂದ ಮಂದಿ ಬಾಯಾಗ ಕೇಳಿಕೋತ ಬಂದೀನಿ," ಎಂದ. "ಇವತ್ತು ನಾನೂ ನೋಡಿದೆ."

ಪಾಲಾಕ್ಷ ಹಾಳೆ ಮಡಚಿ ಜೇಬಿಗಿಡಹೋದ.

"ಲೇ, ಇನ್ನೊಮ್ಮೆ ಓದು" ಎಂದ ಜೋಗಪ್ಪ. ಪಾಲಾಕ್ಷ ಹಾಳೆ ಬಿಚ್ಚಿ ಮೊದಲಿನಿಂದ ಓದಿದ.