ಗೇಟಿನ ಹಿತ್ತಾಳೆ ಫಲಕ

ಗಿರಣಿ ಧಣಿಗಳು ಜಿದ್ದಿಗೆ ಬಿದ್ದು ಬಂಗಲೆ ಕಟ್ಟಿಸಿದ ರಸ್ತೆ ಅದು. ಒಬ್ಬ ಎರಡು ಗೋಪುರ ಎತ್ತಿಸಿದರೆ ಪಕ್ಕದವನಿಗೆ ಮೂರು ಬೇಕು. ಧಣಿಗಳು ಕಣ್ಮುಚ್ಚಿದರು, ಗಿರಣಿಗಳಿಗೆ ಬೀಗ ಬಿತ್ತು. ಗೇಟುಗಳ ಮೇಲೆ ಅವರ ಹೆಸರು ಕೆತ್ತಿದ ಹಿತ್ತಾಳೆ ಫಲಕಗಳು ಉಳಿದವು. ಅವನ್ನು ಉಜ್ಜಿ ಥಳಥಳ ಹೊಳೆಸುವವಳು ಪಾದರಸ.

ಕೂತಲ್ಲಿ ಕೂರದವಳಿಗೆ ರಸ್ತೆಯ ಮಾಲಿಗಳು ಇಟ್ಟ ಹೆಸರು ಅದು. ಗಿರಣಿಯ ಬಾಯ್ಲರ್ ಸಿಡಿದು ಗಂಡ ಸತ್ತ ಮೇಲೆ ಅವಳ ಕೈ ಒಂದು ಗಳಿಗೆಯೂ ಸುಮ್ಮನಿದ್ದದ್ದಿಲ್ಲ. ಊಟಕ್ಕೆ ಕೂತರೂ ತಟ್ಟೆಯ ಅಂಚನ್ನು ತಿಕ್ಕುತ್ತಿರುವಳು. ಆ ಗಿರಣಿಯ ಧಣಿಯ ಫಲಕವನ್ನಂತೂ ಎಷ್ಟು ಉಜ್ಜಿದ್ದಳೆಂದರೆ, ಕೆತ್ತಿದ ಅಕ್ಷರಗಳೇ ಸವೆದು ಮಾಯವಾಗಿದ್ದವು.

ಆ ಧಣಿಯ ಬಂಗಲೆಯಲ್ಲಿ ಉಳಿದಿದ್ದವರು ಮಗಳೊಬ್ಬರೇ. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಿದ್ದರಿಂದ ಗುಟ್ಟು ಉಳಿದಿತ್ತು. ಈಗ ಪೊರೆ ತೆಗೆಸಿಕೊಂಡು ಆಸ್ಪತ್ರೆಯಿಂದ ಬರುವವರಿದ್ದರು. ಕೆಲಸ ಹೋದರೆ ಈ ಕೈಗಳನ್ನು ಕಟ್ಟಿಕೊಂಡು ಎಲ್ಲಿ ಕೂರಲಿ ಎಂದು ಪಾದರಸಳಿಗೆ ದಿಗಿಲು. ಬೆಳಗಿನಿಂದ ಗೇಟಿನ ಮುಂದೆ ಶತಪಥ ಹಾಕಿದಳು.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನಮ್ಮಾ?" ಎಂದು ಮಾಲಿ ನಕ್ಕ. ಅವಳಿಗೆ ನಗು ಬರಲಿಲ್ಲ.

ಕಾರು ಬಂತು. ಮುದುಕಿ ಇಳಿದವರೇ ಫಲಕದ ಮುಂದೆ ನಿಂತು, ಅದರ ಮೇಲೆ ಬೆರಳಾಡಿಸಿದರು.

"ಅಪ್ಪನ ಹೆಸರೆಲ್ಲೇ?"

"ಉಜ್ಜಿ ಉಜ್ಜಿ ಹೋಯ್ತು, ಅಮ್ಮಾವ್ರೇ."

"ಬೇಕಂತ್ಲೇ ಉಜ್ಜಿದ್ಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಾಳು ಬಾಯಿಗೆ ಸುಳ್ಳು ಬರಲಿಲ್ಲ.

"ಮೊದ್ಲು ಇಲ್ಲ. ಅಕ್ಷರ ಸವೀತಿದೆ ಅಂತ ಗೊತ್ತಾದ್ಮೇಲೆ ಇನ್ನೂ ಜೋರಾಗಿ ಉಜ್ಜಿದೆ."

ಮುದುಕಿ ಗೇಟಿನ ಸರಳುಗಳನ್ನೇ ನೋಡುತ್ತಾ ನಿಂತರು. "ಬಾಯ್ಲರ್ ಹಳೇದಾಗಿದೆ, ಬದಲಾಯಿಸಿ ಅಂತ ನಿನ್ನ ಗಂಡ ಈ ಗೇಟಿನ ಸರಳು ಹಿಡ್ಕೊಂಡು ಬೇಡ್ಕೊಂಡಿದ್ದ. ಅಪ್ಪ ಆಗ ಮೂರನೇ ಗೋಪುರ ಎತ್ತಿಸ್ತಿದ್ರು. ನಾನು ಕಿಟಕೀಲಿ ನಿಂತು ನೋಡ್ತಿದ್ದೆ, ಬಾಯಿ ಬಿಡಲಿಲ್ಲ." ಹೊರಟವರು ತಿರುಗಿದರು. "ಬೇರೆ ಫಲಕ ಬೇಡ. ಇದು ಹೀಗೇ ಇರ್ಲಿ. ನಾಳೆ ಬಾ."

ಗಂಡ ಈ ಮಾತನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಮರುದಿನ ಪಾದರಸ ಬಟ್ಟೆ ಹಿಡಿದು ಬಂದಳು. ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಅವನು ಯಾವ ಸರಳು ಹಿಡಿದಿದ್ದನೋ ಎಂದು ಒಂದೊಂದನ್ನೇ ಮುಟ್ಟುತ್ತಾ ಹೋದಳು. ಎಲ್ಲವೂ ತುಕ್ಕು ಹಿಡಿದಿದ್ದವು. ಒಂದನ್ನೂ ಉಜ್ಜಲಿಲ್ಲ.